ಎಂಟುನೂರು ವರ್ಷ ನಿಂತ ಪೈನ್ ಮರ

ಕಟ್ಟಡಗಳ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಕಲ್ಲಿನಲ್ಲಿ ಓದುತ್ತೇವೆ. ಬಾದಾಮಿ, ಐಹೊಳೆ, ಬೇಲೂರು ಎಂದ ಕೂಡಲೇ ಕಣ್ಣ ಮುಂದೆ ಬರುವುದು ಕಲ್ಲು. ಆದರೆ ಕಲ್ಲುಕುಟಿಗನ ಹಿಂದೆ ಒಬ್ಬ ಬಡಗಿ ನಿಂತಿದ್ದಾನೆ ಎಂಬುದನ್ನು ವಿದ್ವಾಂಸರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಮಹಾರಾಷ್ಟ್ರದ ಕಾರ್ಲೆಯ ಗುಹಾಚೈತ್ಯದಲ್ಲಿ ಕೊರೆದ ಕಲ್ಲಿನ ಕಮಾನಿನ ಕೆಳಗೆ ಇಂದಿಗೂ ಮರದ ಪಕ್ಕೆಲುಬುಗಳನ್ನು ಕಾಣಬಹುದು. ಬೆಟ್ಟದ ಕಲ್ಲಿಗೆ ಆ ಮರದ ಆಸರೆ ಬೇಕಿರಲಿಲ್ಲ. ಕಟ್ಟಿದವರಿಗೆ ಮರದ ನೆನಪು ಬೇಕಿತ್ತು. ಕಲ್ಲು ಉಳಿಯಿತು, ಮರ ಅಳಿಯಿತು ಎಂಬುದೇ ನಮ್ಮ ದೇಶದಲ್ಲಿ ಹೆಚ್ಚಾಗಿ ಕೇಳಿಬರುವ ಕಥೆ.

ಈ ಕಥೆಗೆ ವಿರುದ್ಧವಾಗಿ ನಿಂತಿರುವ ಒಂದು ನಾಡಿನ ವಿಚಾರವನ್ನು ಇಂದು ಹೇಳಬೇಕೆಂದಿದ್ದೇನೆ. ಆ ನಾಡು ನಾರ್ವೆ. ಅಲ್ಲಿ ಹನ್ನೆರಡನೆಯ ಶತಮಾನದಲ್ಲಿ ಮರದಿಂದ ಕಟ್ಟಿದ ಚರ್ಚುಗಳು ಇಂದಿಗೂ ಮಳೆ ಹಿಮಗಳ ನಡುವೆ ನಿಂತಿವೆ. ಹಳೇಬೀಡಿನ ಹೊಯ್ಸಳೇಶ್ವರನ ಕಾಲಕ್ಕೆ ಸರಿಸುಮಾರು ಸಮಾನವಾದ ಪ್ರಾಯ ಅವುಗಳದು. ಹಾಗೆ ನಿಂತಿರುವ ಮರ ತೇಗವಲ್ಲ, ಹೊನ್ನೆಯಲ್ಲ, ಬೀಟೆಯೂ ಅಲ್ಲ; ಪೈನ್ ಎಂಬ ಹಗುರವಾದ, ಮೃದುವಾದ, ಉಗುರಿನಿಂದ ಒತ್ತಿದರೆ ಗುರುತು ಬೀಳುವ ಮರ.

ನಮ್ಮ ಕಡೆ ಪೈನ್ ಮರಕ್ಕೆ ಮರ್ಯಾದೆ ಕಡಿಮೆ. ಬೆಂಗಳೂರಿನ ಕಾರ್ಖಾನೆಗಳಿಗೆ ಯಂತ್ರಗಳನ್ನು ಹೊತ್ತು ತರುವ ಪ್ಯಾಕಿಂಗ್ ಪೆಟ್ಟಿಗೆಯ ಹಲಗೆಯಾಗಿಯೇ ನಮ್ಮಲ್ಲಿ ಹಲವರಿಗೆ ಅದರ ಮೊದಲ ಪರಿಚಯ. ಪೆಟ್ಟಿಗೆಯನ್ನು ಒಡೆದು, ಮೊಳೆ ಕಿತ್ತು, ಆ ಹಲಗೆಯಿಂದ ಅಗ್ಗದ ಕಪಾಟು ಮಾಡಿಸಿಕೊಂಡವರು ಎರಡು ಮಳೆಗಾಲ ಕಳೆಯುವುದರೊಳಗೆ ಅದಕ್ಕೆ ಹುಳು ಹಿಡಿಯಿತೆಂದು ಗೊಣಗುವುದನ್ನು ನಾನು ಕೇಳಿದ್ದೇನೆ. ಹೀಗೆ ಎರಡು ವರ್ಷ ಬಾಳದ ಮರ ಮತ್ತೊಂದು ಕಡೆ ಎಂಟುನೂರು ವರ್ಷ ಬಾಳಿದ್ದು ಹೇಗೆ? ಈ ಪ್ರಶ್ನೆಯ ಬೆನ್ನು ಹಿಡಿದು ಹೋದರೆ ಮರದ ಗುಣಕ್ಕಿಂತ ಮನುಷ್ಯನ ನಡತೆಯ ಬಗೆಗೇ ಹೆಚ್ಚು ತಿಳಿಯುತ್ತದೆ.

ಮೊದಲು ಮರವನ್ನು ನೋಡೋಣ. ಪೈನ್ ಜಾತಿಯ ಮರ ನಮ್ಮ ದೇಶಕ್ಕೆ ಅಪರಿಚಿತವೇನಲ್ಲ. ಹಿಮಾಲಯದ ತಪ್ಪಲಿನಲ್ಲಿ ಬೆಳೆಯುವ, ಹಿಂದಿಯವರು ಚೀಡ್ ಎನ್ನುವ ಮರವನ್ನು ಸಂಸ್ಕೃತದಲ್ಲಿ ಸರಲ ಎಂದು ಕರೆದರು. ಕಾಳಿದಾಸನ ಕುಮಾರಸಂಭವದ ಮೊದಲ ಸರ್ಗದಲ್ಲಿ ಆನೆಗಳು ಕೆನ್ನೆಯ ತುರಿಕೆಯನ್ನು ಕಳೆದುಕೊಳ್ಳಲು ಈ ಮರಗಳಿಗೆ ಉಜ್ಜುವ, ಆಗ ಒಸರುವ ಹಾಲಿನ ಪರಿಮಳ ಬೆಟ್ಟದ ತಪ್ಪಲನ್ನೆಲ್ಲ ವ್ಯಾಪಿಸುವ ಒಂದು ಚಿತ್ರವಿದೆ. ಕವಿ ಹಾಲೆಂದು ಕಂಡದ್ದು ರಾಳವನ್ನು. ಪೈನ್ ಮರದ ತೊಗಟೆಗೆ ಗಾಯವಾದಾಗ ಅದು ರಾಳವನ್ನು ಸುರಿಸಿ ಆ ಗಾಯವನ್ನು ಮುಚ್ಚಿಕೊಳ್ಳುತ್ತದೆ. ಹುಳುವನ್ನೂ ಬೂಷ್ಟನ್ನೂ ಹೊರಗಿಡುತ್ತದೆ. ಕವಿಗೆ ಪರಿಮಳವಾಗಿ ಕಂಡದ್ದು ಮರಕ್ಕೆ ಪ್ರಾಣರಕ್ಷಣೆಯ ಉಪಾಯ. ನಾರ್ವೆಯ ಬಡಗಿಗಳು ಮಾಡಿದ್ದು ಈ ಉಪಾಯವನ್ನು ಅರಿತುಕೊಂಡು ಅದನ್ನು ಮರ ಸತ್ತ ಮೇಲೂ ಮುಂದುವರಿಸಿದ್ದು.

ಉತ್ತರ ಯೂರೋಪಿನ ಪೈನ್ ನಮ್ಮ ಸರಲದ ದಾಯಾದಿ. ಚಳಿ ನಾಡಿನಲ್ಲಿ, ಬಡ ಮಣ್ಣಿನಲ್ಲಿ ಅದು ಬಹಳ ನಿಧಾನವಾಗಿ ಬೆಳೆಯುತ್ತದೆ. ವರ್ಷಕ್ಕೊಂದರಂತೆ ಮೂಡುವ ಉಂಗುರಗಳು ಒಂದಕ್ಕೊಂದು ಒತ್ತಾಗಿ ಕೂಡುತ್ತವೆ. ಮರಕ್ಕೆ ವಯಸ್ಸಾದಂತೆ ಅದರ ನಡುಭಾಗ ರಾಳ ತುಂಬಿಕೊಂಡು ಕೆಂಪೇರಿ ಗಟ್ಟಿಯಾಗುತ್ತದೆ. ನಮ್ಮ ಬಡಗಿಗಳು ಇದನ್ನೇ ಚೇಗು ಎನ್ನುತ್ತಾರೆ. ಹೊರಭಾಗ ಬಿಳಿಯ ಮರ. ಅದರಲ್ಲಿ ನೀರು ಓಡಾಡುತ್ತದೆ, ಅದಕ್ಕೇ ಹುಳು ಬೀಳುತ್ತದೆ. ನಾರ್ವೆಯ ಹಳೆಯ ಬಡಗಿ ಬಿಳಿಯ ಮರವನ್ನು ಕೊಡಲಿಯಿಂದ ಕೆತ್ತಿಹಾಕಿ ಚೇಗನ್ನು ಮಾತ್ರ ಕಟ್ಟಡಕ್ಕೆ ಆರಿಸಿಕೊಳ್ಳುತ್ತಿದ್ದ. ರಾಳ ತುಂಬಿದ ಇಂಥ ಮರಕ್ಕೆ ಅವರ ಭಾಷೆಯಲ್ಲಿ ಅದಿರಿನ ಪೈನ್ ಎಂಬ ಅರ್ಥ ಕೊಡುವ ಹೆಸರೇ ಇದೆ. ಲೋಹದಷ್ಟು ಗಟ್ಟಿ ಎಂಬ ಹೆಮ್ಮೆ ಆ ಹೆಸರಿನಲ್ಲಿದೆ.

ಇದಕ್ಕಿಂತಲೂ ಸೋಜಿಗದ ಒಂದು ಪದ್ಧತಿಯನ್ನು ಹೇಳುತ್ತಾರೆ. ಆರಿಸಿದ ಮರವನ್ನು ಒಡನೆಯೇ ಕಡಿಯುತ್ತಿರಲಿಲ್ಲವಂತೆ. ಅದರ ತುದಿಯನ್ನು ಕತ್ತರಿಸಿ, ಕೊಂಬೆಗಳನ್ನು ಸವರಿ, ಕೆಲವು ವರ್ಷ ನಿಂತಲ್ಲಿಯೇ ಬಿಡುತ್ತಿದ್ದರಂತೆ. ಗಾಯಗೊಂಡ ಮರ ತನ್ನನ್ನು ಉಳಿಸಿಕೊಳ್ಳಲು ಮೈಯೆಲ್ಲ ರಾಳವನ್ನು ತುಂಬಿಕೊಳ್ಳುತ್ತದೆ. ಆಮೇಲೆ ಅದನ್ನು ಉರುಳಿಸುತ್ತಿದ್ದರು. ಈ ವರ್ಷ ಬೇಕೆನಿಸಿದ ತೊಲೆಗೆ ಅಪ್ಪನೋ ಅಜ್ಜನೋ ಹಿಂದೆಯೇ ಗುರುತು ಹಾಕಿ ಇಟ್ಟಿರಬೇಕಾದ ವ್ಯವಸ್ಥೆ ಅದು. ಅವಸರದ ಮನುಷ್ಯನಿಗೆ ಅಲ್ಲಿ ಕೆಲಸವಿಲ್ಲ.

ಮರ ಒಳ್ಳೆಯದಾದರೆ ಸಾಲದು. ನಿಲ್ಲಿಸುವ ಬಗೆಯೂ ಸರಿಯಾಗಿರಬೇಕು. ಇದನ್ನು ನಾರ್ವೆಯವರು ಕಷ್ಟಪಟ್ಟು ಕಲಿತರು. ಹನ್ನೊಂದನೆಯ ಶತಮಾನದ ಅವರ ಮೊದಲ ಮರದ ಚರ್ಚುಗಳಲ್ಲಿ ಕಂಬಗಳನ್ನು ನೇರವಾಗಿ ನೆಲದೊಳಗೆ ಹೂಳುತ್ತಿದ್ದರು. ನೆಲದ ಮಟ್ಟದಲ್ಲಿ, ಎಲ್ಲಿ ಮಣ್ಣಿನ ತೇವವೂ ಗಾಳಿಯೂ ಒಂದುಗೂಡುತ್ತವೆಯೋ ಅಲ್ಲಿ, ಕಂಬ ಕೊಳೆಯುತ್ತದೆ. ಆ ಚರ್ಚುಗಳಲ್ಲಿ ಒಂದೂ ಉಳಿದಿಲ್ಲ. ಉರ್ನೆಸ್ ಎಂಬಲ್ಲಿನ ಚರ್ಚಿನ ನೆಲವನ್ನು ಅಗೆದಾಗ ಅದಕ್ಕಿಂತ ಹಿಂದಿನ ಕಟ್ಟಡದ ಕಂಬಗಳು ನಿಂತಿದ್ದ ಗುಂಡಿಗಳು ಸಿಕ್ಕವು. ಕಂಬ ಹೋಗಿತ್ತು, ಗುಂಡಿ ಮಾತ್ರ ಉಳಿದಿತ್ತು.

ಹನ್ನೆರಡನೆಯ ಶತಮಾನದ ಬಡಗಿ ಈ ಸೋಲಿನಿಂದ ಪಾಠ ಕಲಿತ. ಅವನು ಮೊದಲು ಕಲ್ಲಿನ ಅಡಿಪಾಯ ಹಾಕಿದ. ಅದರ ಮೇಲೆ ದಪ್ಪನೆಯ ಅಡಿತೊಲೆಗಳನ್ನು ಚೌಕಟ್ಟಿನಂತೆ ಮಲಗಿಸಿದ. ಅಡಿತೊಲೆಗಳ ಮೇಲೆ ಕಂಬಗಳನ್ನು ನಿಲ್ಲಿಸಿದ. ಕಂಬ ಕಂಬಗಳ ನಡುವೆ ಹಲಗೆಗಳನ್ನು ನೆಟ್ಟಗೆ ನಿಲ್ಲಿಸಿ, ಅವುಗಳ ಅಂಚನ್ನು ಗಾಡಿ ಕೊರೆದು ಒಂದರೊಳಗೊಂದು ಸೇರಿಸಿದ. ಮೇಲೆ ಮತ್ತೊಂದು ತೊಲೆಯ ಚೌಕಟ್ಟನ್ನು ತೊಡಿಸಿ ಎಲ್ಲವನ್ನೂ ಬಿಗಿದ. ನಾರ್ವೆಯ ಭಾಷೆಯಲ್ಲಿ ಸ್ತಾವ್ ಎಂದರೆ ಕಂಬ. ಇವು ಕಂಬದ ಚರ್ಚುಗಳು. ಒಳಗೆ ಕಂಬಗಳು ಹಡಗಿನ ಹಾಯಿಗಂಬಗಳಂತೆ ಕತ್ತಲೆಯೊಳಕ್ಕೆ ಏರಿಹೋಗುತ್ತವೆ. ಅವುಗಳ ನಡುವೆ ಗುಣಿಸುವ ಚಿಹ್ನೆಯ ಹಾಗೆ ಅಡ್ಡಪಟ್ಟಿಗಳನ್ನು ಕೂಡಿಸಿದ್ದಾರೆ. ಕಂಬವೂ ತೊಲೆಯೂ ಸೇರುವ ಮೂಲೆಗಳಿಗೆ ಮರದ ಬುಡವೂ ಬೇರೂ ಸೇರುವ ಕಡೆ ತಾನಾಗಿ ಬಾಗಿ ಬೆಳೆದ ತುಂಡುಗಳನ್ನು ಆರಿಸಿ ಹಾಕಿದ್ದಾರೆ. ನಾರು ಕಡಿಯದ ಆ ಬಾಗಿದ ತುಂಡಿನ ಬಲ ಕೊಯ್ದು ಮಾಡಿದ ತುಂಡಿಗೆ ಬರುವುದಿಲ್ಲ. ಹಡಗು ಕಟ್ಟುವವರ ಈ ವಿದ್ಯೆ ಚರ್ಚಿನೊಳಕ್ಕೂ ಬಂತು. ಬಂಧನಕ್ಕೆ ಹೆಚ್ಚಾಗಿ ಮರದ ಗೂಟ, ಮರದ ಬೆಣೆ. ಬಿರುಗಾಳಿ ಬೀಸಿದಾಗ ಇಡೀ ಕಟ್ಟಡ ತುಸು ಅಲುಗಿ, ನರಳಿ, ಮತ್ತೆ ತನ್ನ ಜಾಗಕ್ಕೆ ಬರುತ್ತದೆ.

ಸೋಗ್ನ ಎಂಬ ಸಮುದ್ರದ ಕೊಲ್ಲಿಯ ಸೀಮೆಯಲ್ಲಿ ಇಂಥ ಎರಡು ಪ್ರಸಿದ್ಧ ಕಟ್ಟಡಗಳಿವೆ. ಒಂದು ಆಗಲೇ ಹೇಳಿದ ಉರ್ನೆಸ್. ಮರದ ಉಂಗುರಗಳನ್ನು ಎಣಿಸಿ ಕಾಲ ಹೇಳುವ ಶಾಸ್ತ್ರದ ಪ್ರಕಾರ ಅದರ ತೊಲೆಗಳನ್ನು ಕಡಿದದ್ದು 1131-32ರ ಚಳಿಗಾಲದ ಸುಮಾರಿಗೆ. ಅದರ ಉತ್ತರದ ಗೋಡೆಯಲ್ಲಿ ಹಾವುಗಳೂ ನಾಲ್ಕು ಕಾಲಿನ ಒಂದು ಮೃಗವೂ ಹೆಣೆದುಕೊಂಡಿರುವ ಕೆತ್ತನೆಯ ಬಾಗಿಲವಾಡವಿದೆ. ಅದು ಇನ್ನೂ ಹಿಂದಿನದು, ಹನ್ನೊಂದನೆಯ ಶತಮಾನದ ಚರ್ಚಿನದು. ಕೊಳೆತ ಕಟ್ಟಡವನ್ನು ಬಿಚ್ಚಿದವರು ಕೆತ್ತನೆಯನ್ನು ಬಿಸಾಡಲಿಲ್ಲ. ಹೊಸ ಗೋಡೆಗೆ ಸೇರಿಸಿದರು. ಉರ್ನೆಸ್ ಚರ್ಚು 1979ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇನ್ನೊಂದು ಲೇರ್ಡಾಲ್ ಕಣಿವೆಯ ಬೋರ್ಗುಂಡ್. ಅದರ ಮರ ಕಡಿದದ್ದು 1180-81ರ ಸುಮಾರಿಗೆ. ಒಂದರ ಮೇಲೊಂದು ಏರುವ ಕಡಿದಾದ ಮಾಡುಗಳು, ಮೀನಿನ ಹುರುಪೆಯಂತೆ ಹೊದಿಸಿದ ಮರದ ಬಿಲ್ಲೆಗಳು, ಮಾಡಿನ ತುದಿಗಳಿಂದ ಕತ್ತು ಚಾಚಿದ ಡ್ರ್ಯಾಗನ್ ತಲೆಗಳು. ಕ್ರೈಸ್ತ ದೇವಾಲಯದ ನೆತ್ತಿಯ ಮೇಲೆ ಹಳೆಯ ಕಾಲದ ಹಡಗಿನ ಮೃಗಗಳು ಕಾವಲು ಕುಳಿತಂತಿದೆ.

ಇಷ್ಟೆಲ್ಲ ಆದ ಮೇಲೂ ಪೈನ್ ಮರ ಬಯಲಿನಲ್ಲಿ ಎಂಟು ಶತಮಾನ ನಿಲ್ಲುವುದಿಲ್ಲ. ಅದಕ್ಕೆ ಟಾರು ಬೇಕು. ಟಾರು ಎಂದರೆ ನಮ್ಮ ರಸ್ತೆಗಳಿಗೆ ಸುರಿಯುವ ಡಾಂಬರನ್ನು ನೆನೆಯಬಾರದು. ಇದು ಪೈನ್ ಮರದ್ದೇ ರಸ. ರಾಳ ತುಂಬಿದ ಬುಡಗಳನ್ನೂ ಬೇರುಗಳನ್ನೂ ಸೀಳಿ, ಇಳಿಜಾರಿನಲ್ಲಿ ತೋಡಿದ ಗೂಡಿನಲ್ಲಿ ಒಟ್ಟಿ, ಮೇಲೆ ಮಣ್ಣು ಹುಲ್ಲು ಮುಚ್ಚಿ ದಿನಗಟ್ಟಲೆ ಒಳಗೊಳಗೇ ಬೇಯಿಸುತ್ತಾರೆ. ಉರಿ ಎದ್ದರೆ ಎಲ್ಲ ಬೂದಿ. ಉರಿ ಆರಿದರೆ ಏನೂ ಇಲ್ಲ. ಎರಡರ ನಡುವೆ ಹದ ಹಿಡಿದರೆ ಗೂಡಿನ ತಳದ ತೂಬಿನಿಂದ ಗಾಡಿಯ ಕೀಲೆಣ್ಣೆಯಂಥ ಕಪ್ಪು ದ್ರವ ಇಳಿಯುತ್ತದೆ. ಅದನ್ನು ಬಿಸಿ ಮಾಡಿ ಗೋಡೆಗೂ ಮಾಡಿಗೂ ಬಳಿಯುತ್ತಾರೆ. ಬಿಸಿಲು ಮಳೆಗಳಿಗೆ ಅದು ಕೆಲವು ವರ್ಷಗಳಲ್ಲಿ ಸವೆಯುತ್ತದೆ, ಮತ್ತೆ ಬಳಿಯಬೇಕು. ಎಂಟುನೂರು ವರ್ಷಗಳಲ್ಲಿ ಎಷ್ಟು ಸಲ ಬಳಿದರೋ ಯಾರು ಬಲ್ಲರು! ಬೋರ್ಗುಂಡಿನ ಗೋಡೆ ಇಂದು ಕಪ್ಪಾಗಿ ಕಾಣುವುದು ತಲೆಮಾರುಗಳ ಈ ದುಡಿಮೆಯಿಂದ.

ಈ ದುಡಿಮೆ ಭಕ್ತರ ಮರ್ಜಿಗೆ ಬಿಟ್ಟದ್ದಾಗಿರಲಿಲ್ಲ. ಪಶ್ಚಿಮ ನಾರ್ವೆಯ ಗುಲಾತಿಂಗ್ ಎಂಬ ಸಭೆಯ ಹಳೆಯ ಕಾನೂನಿನಲ್ಲಿ ಚರ್ಚಿನ ದುರಸ್ತಿಯ ಹೊಣೆಯನ್ನು ಆ ಸೀಮೆಯ ಜನರ ಮೇಲೆಯೇ ಹೊರಿಸಲಾಗಿತ್ತು. ಮೂಲೆಗಂಬಗಳು ಮುರಿದರೆ ಹನ್ನೆರಡು ತಿಂಗಳೊಳಗೆ ಹೊಸ ಮರ ತಂದು ಸ್ಥಳದಲ್ಲಿ ಹಾಕಬೇಕೆಂಬ ವಿಧಿ ಅದರಲ್ಲಿ ಬರುತ್ತದೆ. ಮರದ ಕಟ್ಟಡ ಶಾಶ್ವತವೆಂಬ ಭ್ರಮೆ ಆ ಶಾಸನಕಾರರಿಗೆ ಇರಲಿಲ್ಲ. ಅದು ಮುರಿಯುತ್ತದೆ ಎಂಬುದನ್ನು ಒಪ್ಪಿಕೊಂಡೇ ಅವರು ಕಾನೂನು ಬರೆದರು. ಉಳಿವಿನ ಗುಟ್ಟು ಇಲ್ಲಿದೆ ಎಂದು ನನಗೆ ತೋರುತ್ತದೆ.

ಈ ವ್ಯವಸ್ಥೆ ತಪ್ಪಿದಾಗ ಏನಾಗುತ್ತದೆಂಬುದನ್ನೂ ಅದೇ ನಾಡಿನ ಚರಿತ್ರೆ ತೋರಿಸುತ್ತದೆ. ಮಧ್ಯಯುಗದಲ್ಲಿ ನಾರ್ವೆಯಲ್ಲಿ ಇಂಥ ಚರ್ಚುಗಳು ಸಾವಿರಕ್ಕೂ ಹೆಚ್ಚು ಇದ್ದುವೆಂದು ವಿದ್ವಾಂಸರ ಅಂದಾಜು. 1349ರಲ್ಲಿ ಮಹಾಮಾರಿ ಪ್ಲೇಗು ಬಂತು. ಕಣಿವೆ ಕಣಿವೆಗಳೇ ಬರಿದಾದವು. ಟಾರು ಬಳಿಯುವವರಿಲ್ಲದೆ ಎಷ್ಟೋ ಚರ್ಚುಗಳು ಕಾಡಿಗೆ ಮರಳಿದವು. ಆಮೇಲೆ ಮತಸುಧಾರಣೆಯ ಕಾಲ ಬಂತು. ಆದರೂ ದೊಡ್ಡ ಹೊಡೆತ ಬಿದ್ದದ್ದು ಬಡತನದಿಂದಲ್ಲ, ಏಳಿಗೆಯಿಂದ. ಹತ್ತೊಂಬತ್ತನೆಯ ಶತಮಾನದಲ್ಲಿ ಜನಸಂಖ್ಯೆ ಬೆಳೆಯಿತು. ಊರಿನ ಜನರಲ್ಲಿ ಹತ್ತರಲ್ಲಿ ಮೂರು ಪಾಲು ಜನ ಕುಳಿತುಕೊಳ್ಳುವಷ್ಟು ಸ್ಥಳ ಚರ್ಚಿನಲ್ಲಿರಬೇಕೆಂದು 1851ರಲ್ಲಿ ಕಾನೂನು ಬಂತು. ಹಳೆಯ ಚರ್ಚುಗಳು ಇಕ್ಕಟ್ಟು, ಕತ್ತಲೆ. ಅವುಗಳನ್ನು ಕೆಡವಿ, ಮರವನ್ನು ಹರಾಜು ಹಾಕಿ, ದೊಡ್ಡದಾದ ಬಿಳಿಯ ಚರ್ಚುಗಳನ್ನು ಕಟ್ಟಿದರು. ಕೆಡವಿದವರನ್ನು ದುಷ್ಟರೆನ್ನುವಂತಿಲ್ಲ, ಅವರಿಗೆ ಕೂಡಲು ಜಾಗ ಬೇಕಿತ್ತು, ಓದಲು ಬೆಳಕು ಬೇಕಿತ್ತು.

ಆ ಹೊತ್ತಿನಲ್ಲಿ ಕಟ್ಟಡಗಳ ಪರವಾಗಿ ಎದ್ದು ನಿಂತವನು ಒಬ್ಬ ಚಿತ್ರಕಾರ. ಬೆರ್ಗೆನ್ ನಗರದಲ್ಲಿ 1788ರಲ್ಲಿ ಹುಟ್ಟಿ ಜರ್ಮನಿಯ ಡ್ರೆಸ್ಡೆನ್ನಿನಲ್ಲಿ ನೆಲೆಸಿದ್ದ ಯೋಹಾನ್ ಕ್ರಿಸ್ಟಿಯಾನ್ ದಾಲ್ ತಾಯ್ನಾಡಿನ ಈ ಮರದ ಕಟ್ಟಡಗಳನ್ನು ಕುರಿತು 1837ರಲ್ಲಿ ಜರ್ಮನ್ ಭಾಷೆಯಲ್ಲಿ ಒಂದು ಸಚಿತ್ರ ಗ್ರಂಥವನ್ನು ಹೊರತಂದ. ವಾಂಗ್ ಎಂಬ ಊರಿನ ಚರ್ಚನ್ನು ಕೆಡವಲು ನಿರ್ಧರಿಸಿದಾಗ ಊರಿನಲ್ಲೇ ಉಳಿಸಲು ಹೆಣಗಿದ, ಆಗಲಿಲ್ಲ. 1841ರಲ್ಲಿ ಅದನ್ನು ತಾನೇ ಹರಾಜಿನಲ್ಲಿ ಕೊಂಡ. ಪ್ರಷ್ಯದ ದೊರೆ ನಾಲ್ಕನೆಯ ಫ್ರೆಡರಿಕ್ ವಿಲಿಯಮ್ ಮುಂದೆ ಬಂದು ಅದನ್ನು ತೆಗೆದುಕೊಂಡ. ಬಿಚ್ಚಿದ ಚರ್ಚು ಹಡಗೇರಿ ಬರ್ಲಿನ್ನಿಗೆ ಬಂತು. ಅಲ್ಲಿಂದ ಸೈಲೀಸಿಯದ ಬೆಟ್ಟಗಳಿಗೆ ಹೋಗಿ 1844ರ ವೇಳೆಗೆ ಮತ್ತೆ ಎದ್ದು ನಿಂತಿತು. ಆ ಊರು ಇಂದು ಪೋಲೆಂಡಿನಲ್ಲಿದೆ, ಹೆಸರು ಕಾರ್ಪಾಚ್. ಒಂದು ದೇವಾಲಯ ಸ್ವಂತ ನಾಡಿನಲ್ಲಿ ಜಾಗವಿಲ್ಲದೆ ದೇಶಾಂತರ ಹೋದ ಕಥೆ ಇದು. ಅದೇ 1844ರಲ್ಲಿ ದಾಲ್ ಮತ್ತು ಅವನ ಗೆಳೆಯರು ಪ್ರಾಚೀನ ಸ್ಮಾರಕಗಳ ರಕ್ಷಣೆಗಾಗಿ ಒಂದು ಸಂಘವನ್ನು ಕಟ್ಟಿದರು. ಬೋರ್ಗುಂಡಿನ ಜನ 1868ರಲ್ಲಿ ಪಕ್ಕದಲ್ಲೇ ಹೊಸ ಚರ್ಚು ಕಟ್ಟಿಕೊಂಡ ಮೇಲೆ ಹಳೆಯದು 1877ರಲ್ಲಿ ಆ ಸಂಘದ ವಶಕ್ಕೆ ಬಂತು. ಉರ್ನೆಸ್ 1881ರಲ್ಲಿ ಬಂತು. ಇಂದು ನಾರ್ವೆಯಲ್ಲಿ ಉಳಿದಿರುವ ಮಧ್ಯಯುಗದ ಕಂಬದ ಚರ್ಚುಗಳು 28 ಮಾತ್ರ.

ಮರದ ದೊಡ್ಡ ಶತ್ರು ಬೆಂಕಿ ಎಂಬುದನ್ನು ಮರೆಯುವಂತಿಲ್ಲ. ಬೆರ್ಗೆನ್ನಿನ ಬಳಿಯ ಫಾಂಟಾಫ್ಟ್ ಎಂಬಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ತಂದು ನಿಲ್ಲಿಸಿದ್ದ ಒಂದು ಚರ್ಚು 1992ರ ಜೂನ್ 6ರಂದು ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಆಹುತಿಯಾಯಿತು. ಒಂದು ಬೆಳಗಿನಲ್ಲಿ ಎಂಟು ಶತಮಾನ ಸುಟ್ಟುಹೋಯಿತು. 1997ರ ವೇಳೆಗೆ ಅದನ್ನು ಹಳೆಯ ರೀತಿಯಲ್ಲೇ ಮರಳಿ ಕಟ್ಟಿದರು. ಈ ಆಘಾತದ ನಂತರ, 2001ರಿಂದ 2015ರವರೆಗೆ ನಾರ್ವೆ ಸರ್ಕಾರ 28 ಚರ್ಚುಗಳನ್ನೂ ಒಂದೊಂದಾಗಿ ದುರಸ್ತಿ ಮಾಡುವ ಯೋಜನೆಯನ್ನು ನಡೆಸಿತು. ಆಗ ಎದುರಾದ ತೊಡಕು ಹಣದ್ದಷ್ಟೇ ಅಲ್ಲ. ತಕ್ಕ ಗುಣದ ಚೇಗುಳ್ಳ, ನಿಧಾನವಾಗಿ ಬೆಳೆದ ಪೈನ್ ಮರವನ್ನು ಕಾಡಿನಲ್ಲಿ ಹುಡುಕಬೇಕಾಯಿತು. ಹಳೆಯ ಗೂಡಿನಲ್ಲಿ ಹದವಾಗಿ ಇಳಿಸಿದ ಟಾರು ಬೇಕಾಯಿತು. ಕೊಡಲಿಯಿಂದ ಹಲಗೆ ಕೆತ್ತುವ ಕೈಗಳನ್ನು ಮತ್ತೆ ತಯಾರು ಮಾಡಬೇಕಾಯಿತು. ಕಟ್ಟಡವನ್ನು ಉಳಿಸಲು ಹೊರಟವರಿಗೆ ಕಾಡನ್ನೂ ಕಸುಬನ್ನೂ ಉಳಿಸುವುದು ಅನಿವಾರ್ಯವಾಯಿತು.

ಇಲ್ಲಿ ಒಂದು ತತ್ತ್ವದ ಪ್ರಶ್ನೆ ಏಳುತ್ತದೆ. ಕೊಳೆತ ತೊಲೆಯನ್ನು ತೆಗೆದು ಹೊಸ ತೊಲೆ ಹಾಕುತ್ತ ಹೋದರೆ ಅದು ಹಳೆಯ ಕಟ್ಟಡವೇ? ರಷ್ಯದ ಉತ್ತರದಲ್ಲಿ ಒನೆಗಾ ಸರೋವರದ ಕಿಝಿ ದ್ವೀಪದಲ್ಲಿ 1714ರ ಒಂದು ಮರದ ಚರ್ಚಿದೆ. ಪೈನ್ ದಿಮ್ಮಿಗಳನ್ನು ಅಡ್ಡಡ್ಡಲಾಗಿ ಪೇರಿಸಿ ಕಟ್ಟಿದ, 37 ಮೀಟರ್ ಎತ್ತರದ, 22 ಗುಮ್ಮಟಗಳ ಕಟ್ಟಡ. ಅದನ್ನು ಮುಗಿಸಿದ ಬಡಗಿ ಇಂಥದು ಹಿಂದೆ ಇರಲಿಲ್ಲ, ಮುಂದೆ ಇರಲಾರದು ಎಂದು ತನ್ನ ಕೊಡಲಿಯನ್ನು ಸರೋವರಕ್ಕೆ ಎಸೆದನೆಂದು ಜನ ಹೇಳುತ್ತಾರೆ. ಇಪ್ಪತ್ತನೆಯ ಶತಮಾನದಲ್ಲಿ ಅದು ವಾಲತೊಡಗಿತು. 1980ರ ದಶಕದ ಆರಂಭದಲ್ಲಿ ಒಳಗೆ ಉಕ್ಕಿನ ಚೌಕಟ್ಟನ್ನು ನಿಲ್ಲಿಸಿ ಅದನ್ನು ತಡೆದು ಹಿಡಿದರು. ಆ ಉಕ್ಕಿನ ಊರುಗೋಲಿನಲ್ಲೇ ಕಟ್ಟಡ ದಶಕಗಳನ್ನು ಕಳೆಯಿತು. ಕೊನೆಗೆ ಕಟ್ಟಡವನ್ನು ಏಳು ಸ್ತರಗಳಾಗಿ ವಿಂಗಡಿಸಿ, ಮೇಲಿನ ಭಾಗವನ್ನು ಜಾಕಿಗಳ ಮೇಲೆ ಎತ್ತಿ ಹಿಡಿದು, ಕೆಳಗಿನಿಂದ ಒಂದೊಂದೇ ಸ್ತರದ ದಿಮ್ಮಿಗಳನ್ನು ಹೊರತೆಗೆದು, ಕೆಟ್ಟದ್ದನ್ನು ಮಾತ್ರ ಬದಲಿಸಿ, ಉಳಿದದ್ದನ್ನು ಅದರ ಜಾಗದಲ್ಲೇ ಕೂಡಿಸಿದರು. 2020ರ ವೇಳೆಗೆ ಕೆಲಸ ಮುಗಿಯಿತು. ನನ್ನ ಪ್ರಶ್ನೆಗೆ ಕಿಝಿಯ ಬಡಗಿಗಳು ಕೊಡುವ ಉತ್ತರ ಇದು: ಹಳೆಯ ದಿಮ್ಮಿ ಎಷ್ಟು ಉಳಿಯಬಲ್ಲದೋ ಅಷ್ಟನ್ನೂ ಉಳಿಸು, ಹೊಸ ದಿಮ್ಮಿಯನ್ನು ಹಳೆಯ ಕೈಯ ರೀತಿಯಲ್ಲೇ ಮಾಡು. ಇದಕ್ಕಿಂತ ಪ್ರಾಮಾಣಿಕವಾದ ಉತ್ತರ ನನಗೆ ತೋಚದು.

ಇನ್ನು ನಮ್ಮ ಕಾಲಕ್ಕೆ ಬರೋಣ. ಯಂತ್ರದ ಗರಗಸ ಬಂದ ಮೇಲೆ ಪೈನ್ ಜಗತ್ತಿನ ಅಗ್ಗದ ಮರವಾಯಿತು. ಕ್ಯಾಲಿಫೋರ್ನಿಯದ ಕಡಲಂಚಿನ ಒಂದು ಸಣ್ಣ ಸೀಮೆಯಲ್ಲಿ ಹುಟ್ಟಿದ ರೇಡಿಯಾಟಾ ಎಂಬ ಪೈನ್ ನ್ಯೂಜಿಲೆಂಡಿನ ತೋಟಗಳಿಗೆ ಹೋಗಿ ಮೂವತ್ತು ವರ್ಷದೊಳಗೆ ಕಡಿಯಲು ಸಿದ್ಧವಾಗುವ ಬೆಳೆಯಾಯಿತು. ನಮ್ಮ ಪೇಟೆಗಳಿಗೂ ಅದು ಹಡಗಿನಲ್ಲಿ ಬಂದಿಳಿಯುತ್ತದೆ. ಇಷ್ಟು ಬೇಗ ಬೆಳೆದ ಮರದಲ್ಲಿ ಚೇಗು ಕಡಿಮೆ, ಬಿಳಿ ಹೆಚ್ಚು. ಹಳೆಯ ಬಡಗಿ ಕೆತ್ತಿ ಬಿಸಾಡುತ್ತಿದ್ದ ಭಾಗವೇ ಈಗ ಮಾರಾಟದ ಸರಕು. ಅದು ಬಾಳಬೇಕಾದರೆ ಮರ ತಾನಾಗಿ ಮಾಡಿಕೊಳ್ಳದ ರಕ್ಷಣೆಯನ್ನು ಮನುಷ್ಯ ಮಾಡಿಕೊಡಬೇಕು.

ಆ ರಕ್ಷಣೆಯ ಚರಿತ್ರೆಯಲ್ಲಿ ಒಬ್ಬ ಭಾರತೀಯನ ಹೆಸರು ದೊಡ್ಡದು. ನಮ್ಮಲ್ಲಿ ಅದನ್ನು ಬಲ್ಲವರು ಕಡಿಮೆ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶಂ 1933ರಲ್ಲಿ ತಾಮ್ರ, ಕ್ರೋಮಿಯಂ, ಪಾಷಾಣ ಈ ಮೂರನ್ನು ಕೂಡಿಸಿದ ಒಂದು ರಕ್ಷಕ ದ್ರಾವಣವನ್ನು ಕಂಡುಹಿಡಿದರು. ತಾಮ್ರ ಬೂಷ್ಟನ್ನು ಕೊಲ್ಲುತ್ತದೆ. ಪಾಷಾಣ ಗೆದ್ದಲನ್ನೂ ಹುಳುವನ್ನೂ ಕೊಲ್ಲುತ್ತದೆ. ಆದರೆ ಅಲ್ಲಿಯವರೆಗಿನ ಇಂಥ ಲವಣಗಳು ಮಳೆಗೆ ತೊಳೆದುಹೋಗುತ್ತಿದ್ದವು. ಕ್ರೋಮಿಯಂ ಅವೆರಡನ್ನೂ ಮರದ ನಾರಿಗೆ ಬಿಗಿದು ಕಟ್ಟಿಹಾಕಿತು. ಜಾಣತನ ಇರುವುದು ಇಲ್ಲಿ. ಮರವನ್ನು ಉಕ್ಕಿನ ಕೊಳವೆಯೊಳಗೆ ಮುಚ್ಚಿ, ಗಾಳಿಯನ್ನು ಎಳೆದು, ಒತ್ತಡದಿಂದ ದ್ರಾವಣವನ್ನು ಒಳನುಗ್ಗಿಸುತ್ತಾರೆ. ನೀರು ಓಡಾಡುವ ಬಿಳಿಯ ಮರ ದ್ರಾವಣವನ್ನು ಚೆನ್ನಾಗಿ ಹೀರುತ್ತದೆ. ರಾಳ ತುಂಬಿದ ಚೇಗು ಒಳಗೆ ಬಿಡುವುದಿಲ್ಲ. ಹೀಗೆ ಪೈನ್ ಮರದ ದುರ್ಬಲ ಭಾಗವೇ ಆಧುನಿಕ ಕಾಲದಲ್ಲಿ ಉಪಯುಕ್ತ ಭಾಗವಾಯಿತು. ಅಮೆರಿಕದಿಂದ ನ್ಯೂಜಿಲೆಂಡಿನವರೆಗೆ ಮನೆಗಳ ಜಗುಲಿ, ಬೇಲಿ, ತಂತಿಯ ಕಂಬಗಳು ಹಸಿರು ಛಾಯೆಯ ಈ ಪೈನ್ ಮರದಿಂದ ಎದ್ದವು.

ಆದರೆ ಪಾಷಾಣ ಪಾಷಾಣವೇ. ಹಳೆಯ ಹಲಗೆಯನ್ನು ಸುಟ್ಟರೆ ಬೂದಿಯಲ್ಲಿ ವಿಷ ಉಳಿಯುತ್ತದೆ. ಮಕ್ಕಳು ಆಡುವ ಜಾಗಗಳಲ್ಲಿ ಅಂಥ ಮರ ಇರಬಾರದೆಂಬ ಕೂಗು ಎದ್ದಿತು. 2003ರ ಕೊನೆಗೆ ಅಮೆರಿಕದಲ್ಲಿ ಮನೆಬಳಕೆಗಾಗಿ ಅದರ ತಯಾರಿಕೆ ನಿಂತಿತು. 2004ರಲ್ಲಿ ಯೂರೋಪಿನಲ್ಲೂ ಕಟ್ಟುನಿಟ್ಟಾದ ನಿರ್ಬಂಧ ಬಂತು. ಆ ಬಳಿಕ ವಿಜ್ಞಾನಿಗಳ ಗಮನ ಹುಳುವಿಗೆ ವಿಷ ಹಾಕುವುದರಿಂದ ಮರದ ಸ್ವಭಾವವನ್ನೇ ಬದಲಿಸುವ ಕಡೆಗೆ ಹೆಚ್ಚಾಗಿ ಹರಿದಿದೆ. ಫಿನ್ಲೆಂಡಿನವರು 1990ರ ದಶಕದಲ್ಲಿ ಪೈನ್ ಹಲಗೆಯನ್ನು ಹಬೆಯ ನಡುವೆ ಇನ್ನೂರು ಡಿಗ್ರಿಯ ಆಸುಪಾಸಿನವರೆಗೆ ಕಾಯಿಸಿ, ಅದು ನೀರು ಹೀರದಂತೆ ಮಾಡುವ ಕ್ರಮವನ್ನು ರೂಢಿಗೆ ತಂದರು. ನಾರ್ವೆಯಲ್ಲಿ ಕಬ್ಬಿನ ಸಿಪ್ಪೆಯಂಥ ಬೆಳೆಯ ಕಸದಿಂದ ತೆಗೆದ ದ್ರವವನ್ನು ಪೈನ್ ಮರಕ್ಕೆ ಹೊಗಿಸಿ ಒಳಗೇ ಗಟ್ಟಿಯಾಗಿಸುತ್ತಾರೆ. ಮಂಡ್ಯದ ಆಲೆಮನೆಯ ಹಿಂದೆ ಒಟ್ಟಿದ ಸಿಪ್ಪೆಯ ರಾಶಿಯನ್ನು ಕಂಡವರಿಗೆ ಇದು ಸ್ವಾರಸ್ಯವಾಗಿ ತೋರಬಹುದು. ಹಿಂದೆ ಬಡಗಿ ಮರಕ್ಕೆ ಗಾಯ ಮಾಡಿ ರಾಳ ತುಂಬಿಸಿದ. ಇಂದು ರಸಾಯನಶಾಸ್ತ್ರಜ್ಞ ಒತ್ತಡದಿಂದ ತುಂಬಿಸುತ್ತಾನೆ. ಉದ್ದೇಶ ಒಂದೇ.

ಹಳತೂ ಹೊಸತೂ ಕೂಡಿದ ಒಂದು ಸಣ್ಣ ಕಟ್ಟಡವನ್ನು ಇಲ್ಲಿ ಹೆಸರಿಸಬೇಕು. ನಾರ್ವೆಯ ದೋವ್ರೆ ಬೆಟ್ಟಸಾಲಿನಲ್ಲಿ ಕಾಡು ಹಿಮಸಾರಂಗಗಳನ್ನು ನೋಡಲು ಬರುವವರಿಗಾಗಿ 2011ರಲ್ಲಿ ಒಂದು ಮಂಟಪ ಎದ್ದಿತು. ಹೊರಗೆ ತುಕ್ಕುಬಣ್ಣದ ಉಕ್ಕಿನ ಚೌಕಟ್ಟು, ಒಂದು ಮಗ್ಗುಲಿಗೆ ಗಾಜು. ನಡುವೆ ನೀರು ಕೊರೆದ ಬಂಡೆಯಂತೆ ಅಲೆಯಲೆಯಾದ ಮರದ ಗೋಡೆ. ಹತ್ತು ಅಂಗುಲ ಚೌಕದ ಪೈನ್ ತೊಲೆಗಳಿಂದ ಮಾಡಿದ ಗೋಡೆ ಅದು. ಅಲೆಗಳ ಆಕಾರವನ್ನು ಕಂಪ್ಯೂಟರಿನಲ್ಲಿ ರೂಪಿಸಿ, ಯಂತ್ರದಿಂದ ಕೊರೆದವರು ಹಾರ್ಡಾಂಗರ್ ಕೊಲ್ಲಿಯ ಹಡಗು ಕಟ್ಟುವವರು. ಜೋಡಿಸಲು ಬಳಸಿದ್ದು ಮರದ ಗೂಟಗಳನ್ನು ಮಾತ್ರ. ಹೊರಮೈಗೆ ಬಳಿದದ್ದು ಪೈನ್ ಟಾರನ್ನು. ಬೋರ್ಗುಂಡಿನ ಬಡಗಿ ಇಂದು ಎದ್ದು ಬಂದರೆ ಕಂಪ್ಯೂಟರನ್ನು ಕಂಡು ಬೆರಗಾದಾನು. ಗೂಟವನ್ನೂ ಟಾರಿನ ವಾಸನೆಯನ್ನೂ ಕೂಡಲೇ ಗುರುತಿಸಿಯಾನು.

ನಮ್ಮ ನಾಡಿನಲ್ಲಿ ಪೈನ್ ಕಟ್ಟಡಗಳ ಪರಂಪರೆ ಇಲ್ಲ. ಆದರೆ ಅದು ಕಲಿಸುವ ಪಾಠ ನಮಗೆ ಹೊಸದಾಗಿರಲಿಲ್ಲ. ಮಲೆನಾಡಿನ ಹಳೆಯ ಮನೆಗಳಲ್ಲಿ ಕಂಬವನ್ನು ನೆಲಕ್ಕೆ ಹೂಳದೆ ಕಲ್ಲಿನ ಮೇಲೆ ನಿಲ್ಲಿಸುತ್ತಿದ್ದರು. ಮಳೆ ಗೋಡೆಗೆ ಹೊಡೆಯದಂತೆ ಸೂರನ್ನು ಮುಂದಕ್ಕೆ ಇಳಿಬಿಡುತ್ತಿದ್ದರು. ಕರಾವಳಿಯಲ್ಲಿ ಮಾಡಿನ ಮರಕ್ಕೂ ದೋಣಿಗೂ ಗೇರೆಣ್ಣೆ ಬಳಿಯುತ್ತಿದ್ದರು. ತೇವಾಂಶ ಶೇಕಡಾ 20ನ್ನು ಮೀರದಿದ್ದರೆ ಮರಕ್ಕೆ ಬೂಷ್ಟು ಹತ್ತುವುದಿಲ್ಲವೆಂದು ಇಂದಿನ ವಿಜ್ಞಾನ ಲೆಕ್ಕ ಕೊಡುತ್ತದೆ. ಲೆಕ್ಕವಿಲ್ಲದ ಕಾಲದಲ್ಲೂ ಹಲಸಿನ ಕಂಬ ನಿಲ್ಲಿಸಿದ ನಮ್ಮ ಬಡಗಿಗೆ, ಪೈನ್ ಕಂಬ ನಿಲ್ಲಿಸಿದ ನಾರ್ವೆಯ ಬಡಗಿಗೆ ಈ ಸಂಗತಿ ತಿಳಿದಿತ್ತು. ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ. ನೀರು ಇಬ್ಬರಿಗೂ ಗುರುವಾಗಿತ್ತು.

ಇಂದು ಮಲೆನಾಡಿನಲ್ಲಿ ಅಂಥ ಮನೆಗಳು ಒಂದೊಂದಾಗಿ ಬಿಚ್ಚಿಹೋಗುತ್ತಿವೆ. ಕೆತ್ತನೆಯ ಕಂಬ, ಬೋದಿಗೆ, ಬಾಗಿಲವಾಡಗಳು ಲಾರಿ ಏರಿ ಪಟ್ಟಣದ ಅಂಗಡಿಗಳಿಗೆ, ಹೋಟೆಲುಗಳ ಅಂಗಳಗಳಿಗೆ ಸಾಗುತ್ತಿವೆ. ಮಾರುವವರನ್ನು ನಾನು ನಿಂದಿಸಲಾರೆ. ಮಕ್ಕಳು ಊರು ಬಿಟ್ಟಿದ್ದಾರೆ, ಮಾಡು ಸೋರುತ್ತಿದೆ, ಹೆಂಚು ಹೊದಿಸುವವರು ಸಿಗುತ್ತಿಲ್ಲ. 1851ರ ನಾರ್ವೆಯ ಊರಿನವರಿಗೂ ತಮ್ಮ ತಮ್ಮ ಕಾರಣಗಳಿದ್ದವು. ಆದರೆ ಸಾವಿರ ಚರ್ಚುಗಳು 28 ಆದದ್ದು ಒಂದೇ ದಿನದಲ್ಲಲ್ಲ. ಪ್ರತಿಯೊಂದು ಊರೂ ತನ್ನದೊಂದು ಹೋದರೆ ಏನಾಯಿತು ಎಂದುಕೊಂಡುದರಿಂದ. ಉಳಿದವುಗಳಿಗಾಗಿ ಆ ದೇಶ ಆಮೇಲೆ ಪಟ್ಟ ಶ್ರಮದಲ್ಲಿ ಹತ್ತರಲ್ಲೊಂದು ಪಾಲು ಮೊದಲೇ ಪಟ್ಟಿದ್ದರೆ ಇನ್ನೆಷ್ಟು ಉಳಿಯುತ್ತಿದ್ದವೋ.

ಪೈನ್ ಮರ ಬಾಳಿಕೆಯ ಮರವೇ ಎಂದು ಯಾರಾದರೂ ಕೇಳಿದರೆ ನಾನು ನೇರವಾಗಿ ಹೌದೆನ್ನಲಾರೆ, ಇಲ್ಲವೆನ್ನಲಾರೆ. ಯಾವ ಕಾಡಿನಲ್ಲಿ ಬೆಳೆಯಿತು, ಯಾವ ಭಾಗವನ್ನು ಆರಿಸಿದರು, ನೆಲದಿಂದ ಎಷ್ಟು ಎತ್ತರದಲ್ಲಿ ಇಟ್ಟರು ಎಂದು ಮರುಪ್ರಶ್ನೆ ಹಾಕುತ್ತೇನೆ. ಕೊನೆಯದಾಗಿ, ಮುಂದಿನ ಬಾರಿ ಟಾರು ಬಳಿಯುವ ಕೆಲಸ ಯಾರ ಪಾಲಿಗೆ ಬಂದಿದೆ ಎಂದು ಕೇಳುತ್ತೇನೆ.